ಅತಿ ಕಿರುಗಾತ್ರದ ಸಾಕುನಾಯಿಗಳು: ದೇಹಪ್ರಮಾಣವೂ ಆರೋಗ್ಯವೂ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯಷ್ಟು ಗಾತ್ರಭೇದವನ್ನು ತೋರುವುದು ಬೇರೊಂದಿಲ್ಲ. ಎರಡು ಕಿಲೋಗ್ರಾಂ ತೂಗುವ ಚಿವಾವಾವೂ ಎಂಬತ್ತು ಕಿಲೋಗ್ರಾಮನ್ನು ಮೀರುವ ಮಾಸ್ಟಿಫ್ ನಾಯಿಯೂ ಒಂದೇ ಜೀವಜಾತಿಗೆ ಸೇರಿದುವು. ಬೇಟೆ, ಕಾವಲು, ಕುರಿಮಂದೆಯ ರಕ್ಷಣೆ, ಮನೆಯ ಸಂಗ ಮುಂತಾದ ಉದ್ದೇಶಗಳಿಗೆ ತಕ್ಕಂತೆ ಮನುಷ್ಯನು ತನಗೊಪ್ಪಿದ ಮರಿಗಳನ್ನು ಆಯ್ದು ತಲೆಮಾರುಗಟ್ಟಲೆ ಬೆಳೆಸಿದುದರ ಫಲ ಇದು. ಈ ಆಯ್ಕೆಯು ಮಿತಿಯನ್ನು ದಾಟಿ, ಗಾತ್ರವನ್ನು ಕಿರಿದುಮಾಡುವುದೊಂದೇ ಅದರ ಗುರಿಯಾದಾಗ, ಪ್ರಾಣಿಯ ದೇಹಕ್ಕೆ ಒದಗುವ ಕೇಡುಗಳೇನು, ಅವು ಏಕೆ ಒದಗುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಬೆಂಗಳೂರಿನ ದಂಡು ಪ್ರದೇಶದಿಂದ ಮೂಡಲಿಗೆ ಹಲಸೂರು, ಇಂದಿರಾನಗರಗಳನ್ನು ಹಾದು ಕೃಷ್ಣರಾಜಪುರದವರೆಗೆ ಅಂಗಳವಿಲ್ಲದ ಬಹುಮಹಡಿಯ ಮನೆಗಳು ಹೆಚ್ಚಿದಂತೆ, ಸಣ್ಣ ನಾಯಿಗಳ ಬಯಕೆಯೂ ಹೆಚ್ಚಿದೆ. ಇಂಥ ಮನೆಗೆ ಸಣ್ಣ ನಾಯಿಯೇ ತಕ್ಕದ್ದೆಂಬ ಎಣಿಕೆ ಸಹಜವಾದುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾರಾಟದ ಜಾಹೀರಾತುಗಳಲ್ಲಿ ‘ಟಾಯ್’ ಎಂಬ ಮಾತು ಸಾಲದೆ ಈಗ ‘ಟೀಕಪ್’ ಎಂಬ ಮಾತೂ ಸೇರಿಕೊಂಡಿದೆ. ಚಹದ ಬಟ್ಟಲಿನಲ್ಲಿ ಕೂರುವಷ್ಟು ಚಿಕ್ಕದು ಎಂಬುದು ಇದರ ಅಭಿಪ್ರಾಯ. ಈ ಹೆಸರಿನ ತಳಿಯೊಂದಿಲ್ಲ. ಇದನ್ನು ಯಾವ ಪ್ರಮುಖ ಕೆನಲ್ ಕ್ಲಬ್ಬೂ ಮಾನ್ಯಮಾಡಿಲ್ಲ. ಇದು ವ್ಯಾಪಾರದ ಹೆಸರು ಮಾತ್ರ.

೧. ದಂಡಿನ ಮನೆಗಳಿಂದ ಬಹುಮಹಡಿಯ ಮನೆಗಳಿಗೆ

ಬೆಂಗಳೂರಿನಲ್ಲಿ ಬ್ರಿಟಿಷ್ ಸೈನ್ಯದ ದಂಡು ೧೮೦೯ರಲ್ಲಿ ನೆಲೆಗೊಂಡಿತು. ಐರೋಪ್ಯರ ಬಂಗಲೆಗಳ ಸಂಸ್ಕೃತಿಯೊಡನೆ ಅವರ ಸಾಕುನಾಯಿಗಳ ಅಭಿರುಚಿಯೂ ಈ ದೇಶದ ನಗರಗಳಲ್ಲಿ ಹರಡಿತು. ಚೂಪು ಮೂತಿ, ನಿಮಿರಿದ ಕಿವಿ, ಬೆನ್ನ ಮೇಲೆ ಸುತ್ತಿಕೊಂಡ ಬಾಲವುಳ್ಳ ‘ಸ್ಪಿಟ್ಜ್’ ಜಾತಿಯ ನಾಯಿಗಳನ್ನು ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯೇ ಬೆಳೆಸಿದರು. ಇಂದು ‘ಇಂಡಿಯನ್ ಸ್ಪಿಟ್ಜ್’ ಎನ್ನಿಸಿಕೊಳ್ಳುವ ಈ ನಾಯಿಯನ್ನು ನಮ್ಮ ಜನ ‘ಪಮೇರಿಯನ್’ ಎಂದೇ ಕರೆಯುತ್ತ ಬಂದಿದ್ದಾರೆ. ಇದರ ಸಣ್ಣ ಬಗೆ ಐದರಿಂದ ಏಳು ಕಿಲೋಗ್ರಾಂ ತೂಗುತ್ತದೆ. ಅನ್ನ ಹಾಲು ತಿಂದು, ನಮ್ಮ ಹವೆಗೆ ಹೊಂದಿಕೊಂಡು, ಹಲವು ಸಾವಿರ ಮನೆಗಳಲ್ಲಿ ಇದು ಸುಖವಾಗಿ ಬಾಳಿದೆ. ಸಣ್ಣ ನಾಯಿ ಬೇಕೆಂಬ ಆಸೆಯನ್ನು ಆರೋಗ್ಯಕ್ಕೆ ಕುಂದಿಲ್ಲದೆ ಈಡೇರಿಸಬಹುದೆಂಬುದಕ್ಕೆ ಇದೇ ನಿದರ್ಶನ.

ನಿಜವಾದ ಪಾಮರೇನಿಯನ್ ತಳಿಯ ಕಥೆ ಬೇರೆ. ಯೂರೋಪಿನಲ್ಲಿ ಹತ್ತು ಕಿಲೋಗ್ರಾಮಿಗೂ ಮೀರಿ ತೂಗುತ್ತಿದ್ದ ನಾಯಿ ಅದು. ೧೮೮೮ರಲ್ಲಿ ವಿಕ್ಟೋರಿಯಾ ರಾಣಿಯು ಇಟಲಿಯ ಫ್ಲಾರೆನ್ಸ್ ನಗರದಿಂದ ಸಣ್ಣ ಗಾತ್ರದ ಕೆಲವು ನಾಯಿಗಳನ್ನು ತಂದು ಸಾಕಿದಳು. ರಾಣಿಯ ರುಚಿ ಜನರ ರುಚಿಯಾಯಿತು. ಕೆಲವೇ ದಶಕಗಳಲ್ಲಿ ಆ ತಳಿಯ ಗಾತ್ರ ಬಹುಪಾಲು ಕುಗ್ಗಿತು. ಇಂದು ಅಮೆರಿಕದ ಕೆನಲ್ ಕ್ಲಬ್ಬಿನ ಮಾನಕದಂತೆ ಅದರ ತೂಕ ೩ರಿಂದ ೭ ಪೌಂಡು, ಎಂದರೆ ಸುಮಾರು ೧.೪ರಿಂದ ೩.೨ ಕಿಲೋಗ್ರಾಂ. ಫ್ಯಾಷನ್ನು ಒಂದು ತಳಿಯ ದೇಹವನ್ನು ಎಷ್ಟು ಬೇಗ ಮಾರ್ಪಡಿಸಬಲ್ಲುದೆಂಬುದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿಯೂ ಫ್ಯಾಷನ್ನಿನ ಬಲ ಕಡಮೆಯದಲ್ಲ. ೨೦೦೩ರಲ್ಲಿ ಹಚ್ ಎಂಬ ಮೊಬೈಲ್ ದೂರವಾಣಿ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹಿಂದೆಯೇ ನಡೆದು ಬರುತ್ತಿದ್ದ ಪಗ್ ನಾಯಿಯನ್ನು ಕಂಡ ಮೇಲೆ, ದೇಶದ ನಗರಗಳಲ್ಲೆಲ್ಲ ಆ ತಳಿಗೆ ಬೇಡಿಕೆ ಏರಿತು. ಪಗ್‌ನ ಮುಖ್ಯ ತೊಂದರೆ ಚಪ್ಪಟೆ ಮೂತಿಯಿಂದಾಗುವ ಉಸಿರಾಟದ ಕಷ್ಟವಾದ್ದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಶಿ ತ್ಸು, ಮಾಲ್ಟೀಸ್, ಚಿವಾವಾ, ಯಾರ್ಕ್‌ಷೈರ್ ಟೆರಿಯರ್, ಕಿರಿದಾಗಿಸಿದ ಪಾಮರೇನಿಯನ್—ಇವುಗಳಲ್ಲಿಯೂ ಎಲ್ಲಕ್ಕಿಂತ ಸಣ್ಣ ಮರಿಯನ್ನೇ ಹುಡುಕುವ ಪ್ರವೃತ್ತಿ ನಮ್ಮ ವಿಷಯ.

೨. ಕಿರಿದಾಗಿಸುವ ಬಗೆ

ನಾಯಿಯ ಗಾತ್ರವನ್ನು ನಿರ್ಣಯಿಸುವ ಜೀನುಗಳು ಹಲವು. ಅವುಗಳಲ್ಲಿ ಮುಖ್ಯವಾದೊಂದನ್ನು ವಿಜ್ಞಾನಿಗಳು ೨೦೦೭ರಲ್ಲಿ ಗುರುತಿಸಿದರು. ಇನ್ಸುಲಿನ್ನನ್ನು ಹೋಲುವ, ಬೆಳವಣಿಗೆಗೆ ಕಾರಣವಾದ ಒಂದು ವಸ್ತುವನ್ನು ತಯಾರಿಸಲು ಬೇಕಾದ ಜೀನು ಅದು. ಐಜಿಎಫ್-೧ ಎಂದು ಅದರ ಹೆಸರು. ಈ ಜೀನಿನ ಒಂದು ರೂಪ ಸಣ್ಣ ತಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲೆಡೆಯೂ ಕಂಡುಬರುತ್ತದೆ. ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯು ಇದಕ್ಕಿಂತ ಸ್ವಾರಸ್ಯವಾದ ಸಂಗತಿಯನ್ನು ತಿಳಿಸಿತು. ಸಣ್ಣ ಗಾತ್ರಕ್ಕೆ ಸಂಬಂಧಿಸಿದ ಜೀನುರೂಪವು ಸೈಬೀರಿಯದಲ್ಲಿ ದೊರೆತ ಸುಮಾರು ೫೪,೦೦೦ ವರ್ಷಗಳಷ್ಟು ಹಳೆಯ ತೋಳದ ಅವಶೇಷದಲ್ಲಿಯೂ ಇದ್ದಿತು! ನಾಯಿಯನ್ನು ಪಳಗಿಸುವುದಕ್ಕೆ ಬಹು ಹಿಂದೆಯೇ ಕಿರಿದಾಗುವ ಶಕ್ತಿ ಆ ವಂಶದಲ್ಲಿ ಅಡಗಿದ್ದಿತೆಂದಾಯಿತು. ಆದುದರಿಂದ ಸಣ್ಣತನವನ್ನೇ ರೋಗವೆಂದು ಕರೆಯುವುದು ಸರಿಯಲ್ಲ.

ಕೇಡು ಮೊದಲಾಗುವುದು ಈ ಸಹಜ ಸಣ್ಣತನದ ಅಂಚನ್ನೂ ಒತ್ತಿ ಮುಂದೆ ಹೋದಾಗ. ‘ಟೀಕಪ್’ ಎನ್ನಿಸಿಕೊಳ್ಳುವ ಮರಿಗಳನ್ನು ಪಡೆಯುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು, ಪ್ರತಿ ಸೂಲಿನಲ್ಲಿಯೂ ಎಲ್ಲಕ್ಕಿಂತ ಬಡಕಲಾದ ಮರಿಯನ್ನು ಆಯ್ದು, ಅಂಥವುಗಳನ್ನೇ ಪರಸ್ಪರ ಕೂಡಿಸುವುದು. ಒಡಹುಟ್ಟಿದವುಗಳಿಗಿಂತ ಒಂದು ಮರಿ ಬಹಳ ಸಣ್ಣದಾಗಿದ್ದರೆ ಅದಕ್ಕೆ ಹೃದಯದ ದೋಷವೋ, ಪಿತ್ತಜನಕಾಂಗದ ರಕ್ತನಾಳದ ದೋಷವೋ ಕಾರಣವಾಗಿರಬಹುದು. ಇಂಥ ಆಯ್ಕೆಯಲ್ಲಿ ಸಣ್ಣತನದೊಡನೆ ಆ ದೋಷವೂ ವಂಶಕ್ಕೆ ಇಳಿಯುತ್ತದೆ. ಇಂಥ ನಾಯಿಗಳು ಕೆಲವೇ ಇರುವುದರಿಂದ ಹತ್ತಿರದ ರಕ್ತಸಂಬಂಧದಲ್ಲಿಯೇ ಕೂಡಿಸಬೇಕಾಗಿ ಬಂದು, ಮರೆಯಲ್ಲಿದ್ದ ದೋಷಗಳು ಪ್ರಕಟವಾಗುವ ಸಂಭವವೂ ಹೆಚ್ಚುತ್ತದೆ. ಎರಡನೆಯದು, ಕಾಲಿನ ಎಲುಬುಗಳನ್ನು ಕುಳ್ಳಾಗಿಸುವ ಜೀನುಗಳನ್ನು ತಳಿಯೊಳಕ್ಕೆ ತರುವುದು. ಮೂರನೆಯದು ತಳಿಶಾಸ್ತ್ರಕ್ಕೆ ಸಂಬಂಧಪಟ್ಟುದೇ ಅಲ್ಲ, ಬರಿಯ ಮೋಸ. ಮರಿಗೆ ಹೊಟ್ಟೆತುಂಬ ಆಹಾರ ಕೊಡದೆ ಬೆಳವಣಿಗೆಯನ್ನು ಕುಂಠಿತಗೊಳಿಸುವುದು, ಇಲ್ಲವೆ ನಾಲ್ಕೈದು ವಾರದ ಎಳೆಯ ಮರಿಯನ್ನೇ ಎರಡು ತಿಂಗಳಿನದೆಂದು ಹೇಳಿ ಮಾರುವುದು. ಕೊಂಡವರಿಗೆ ನಿಜ ತಿಳಿಯುವುದು ಮರಿ ಬೆಳೆದಾಗ ಅಥವಾ ಸತ್ತಾಗ.

೩. ಪ್ರಮಾಣದ ನಿಯಮ

ಪ್ರಾಣಿಯನ್ನು ಚಿತ್ರವನ್ನು ಕಿರಿದುಗೊಳಿಸುವಂತೆ ಎಲ್ಲ ಭಾಗಗಳಲ್ಲಿಯೂ ಸಮವಾಗಿ ಕಿರಿದುಗೊಳಿಸಲಾಗದು. ಜೆ. ಬಿ. ಎಸ್. ಹಾಲ್ಡೇನ್ ಅವರು ೧೯೨೬ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಪ್ರತಿಯೊಂದು ಪ್ರಾಣಿಗೂ ತಕ್ಕ ಗಾತ್ರವೆಂಬುದೊಂದುಂಟೆಂದು ಪ್ರತಿಪಾದಿಸಿದರು. ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ಕಾಲವಾದ ಈ ವಿಜ್ಞಾನಿಯ ವಾದವನ್ನು ನಮ್ಮ ವಿಷಯಕ್ಕೆ ಅನ್ವಯಿಸಿ ನೋಡಬಹುದು.

ಒಂದು ವಸ್ತುವಿನ ಉದ್ದವು ಮೂರರಲ್ಲೊಂದು ಭಾಗಕ್ಕೆ ಇಳಿದರೆ, ಅದರ ಮೇಲ್ಮೈ ಒಂಬತ್ತರಲ್ಲೊಂದು ಭಾಗಕ್ಕೂ ಘನಗಾತ್ರ ಇಪ್ಪತ್ತೇಳರಲ್ಲೊಂದು ಭಾಗಕ್ಕೂ ಇಳಿಯುತ್ತವೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ೨೭ ಕಿಲೋಗ್ರಾಂ ತೂಗುವುದೆಂದಿಟ್ಟುಕೊಳ್ಳೋಣ. ಅದೇ ಆಕಾರದಲ್ಲಿ ಒಂದು ಕಿಲೋಗ್ರಾಂ ತೂಗುವ ನಾಯಿಯನ್ನು ಕಲ್ಪಿಸಿಕೊಂಡರೆ, ಅದರ ಒಂದು ಕಿಲೋಗ್ರಾಂ ದೇಹಕ್ಕೆ ಮುಧೋಳ ನಾಯಿಗಿರುವುದರ ಮೂರರಷ್ಟು ಚರ್ಮದ ಮೇಲ್ಮೈ ಇರುತ್ತದೆ. ದೇಹದ ಶಾಖ ಸೋರಿಹೋಗುವುದು ಚರ್ಮದ ಮೂಲಕ. ಸಣ್ಣ ದೇಹ ಬೇಗ ತಣ್ಣಗಾಗುತ್ತದೆ. ಅದನ್ನು ಬೆಚ್ಚಗಿಡಲು ಒಳಗಿನ ಉರಿ ಹೆಚ್ಚು ಬೇಗ ಉರಿಯಬೇಕಾಗುತ್ತದೆ.

ಮ್ಯಾಕ್ಸ್ ಕ್ಲೈಬರ್ ೧೯೩೨ರಲ್ಲಿ ನಿರೂಪಿಸಿದಂತೆ, ಪ್ರಾಣಿಗಳ ವಿಶ್ರಾಂತಿ ಕಾಲದ ಶಕ್ತಿವ್ಯಯವು ತೂಕದ ನಾಲ್ಕರಲ್ಲಿ ಮೂರನೆಯ ಘಾತವನ್ನು ಅನುಸರಿಸುತ್ತದೆ. ಪಶುವೈದ್ಯರು ಈಗಲೂ ಬಳಸುವ ಸೂತ್ರದಂತೆ, ಒಂದು ಕಿಲೋಗ್ರಾಂ ತೂಗುವ ನಾಯಿಗೆ ವಿಶ್ರಾಂತಿಯಲ್ಲಿಯೇ ದಿನಕ್ಕೆ ೭೦ ಕಿಲೋಕ್ಯಾಲೊರಿ ಬೇಕು. ೨೭ ಕಿಲೋಗ್ರಾಂ ತೂಗುವುದಕ್ಕೆ ಸುಮಾರು ೮೩೦. ಕಿಲೋಗ್ರಾಮಿಗೆ ಲೆಕ್ಕ ಹಾಕಿದರೆ ದೊಡ್ಡದಕ್ಕೆ ಸುಮಾರು ೩೧, ಸಣ್ಣದಕ್ಕೆ ೭೦. ಬೆಳೆಯುವ ಮರಿಗಾದರೋ ಇದರ ಎರಡರಷ್ಟೋ ಅದಕ್ಕೂ ಹೆಚ್ಚೋ ಬೇಕಾಗುತ್ತದೆ. ಈ ಶಕ್ತಿಯ ಕೂಡಲೇ ಬಳಸಬಹುದಾದ ದಾಸ್ತಾನು ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ರೂಪದಲ್ಲಿದೆ. ದಾಸ್ತಾನು ದೇಹದ ತೂಕದೊಡನೆ ಕುಗ್ಗುತ್ತದೆ, ಖರ್ಚು ಮಾತ್ರ ಅಷ್ಟಾಗಿ ಕುಗ್ಗದು. ಕಣಜ ಚಿಕ್ಕದು, ಉಣ್ಣುವ ಬಾಯಿ ದೊಡ್ಡದು ಎಂಬ ಸಂಸಾರದ ಸ್ಥಿತಿ ಇದು.

೪. ಅಂಗಾಂಗಗಳ ತೊಂದರೆಗಳು

ಮೇಲಿನ ಲೆಕ್ಕದ ಪರಿಣಾಮ ಮೊಟ್ಟಮೊದಲು ಕಾಣುವುದು ರಕ್ತದ ಸಕ್ಕರೆಯಲ್ಲಿ. ಮೂರು ತಿಂಗಳೊಳಗಿನ ಅತಿ ಸಣ್ಣ ಮರಿಯು ಕೆಲವೇ ಗಂಟೆಗಳ ಕಾಲ ಆಹಾರವಿಲ್ಲದೆ ಇದ್ದರೆ, ರಕ್ತದ ಗ್ಲೂಕೋಸು ಅಪಾಯದ ಮಟ್ಟಕ್ಕೆ ಇಳಿಯಬಹುದು. ಮರಿ ಮಂಕಾಗುತ್ತದೆ, ತೂರಾಡುತ್ತದೆ, ನಡುಗುತ್ತದೆ. ಅನಂತರ ಸೆಳವು ಬಂದು ಸಾಯಲೂಬಹುದು. ತಾಯಿಯಿಂದ ಬೇರ್ಪಡಿಸಿದ ಮರಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಡಿಸೆಂಬರಿನ ಚಳಿಯಲ್ಲಿ, ಸಂಜೆಯ ವಾಹನದಟ್ಟಣೆಯಲ್ಲಿ ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ ಸಾಗಿಸುವುದನ್ನು ಊಹಿಸಿಕೊಂಡರೆ, ಹಸಿವು, ಚಳಿ, ಹೆದರಿಕೆ ಮೂರೂ ಒಂದೇ ಕಾಲಕ್ಕೆ ಕೂಡುವ ಬಗೆ ತಿಳಿಯುತ್ತದೆ. ಇಂಥ ಲಕ್ಷಣಗಳು ಕಂಡರೆ ವಸಡಿಗೆ ಸಕ್ಕರೆಯ ಪಾಕವನ್ನೋ ಜೇನನ್ನೋ ಸವರಿ, ಮರಿಯನ್ನು ಬೆಚ್ಚಗೆ ಹೊದಿಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಪ್ರಜ್ಞೆ ತಪ್ಪಿದ ಮರಿಯ ಬಾಯಿಗೆ ನೀರು ಹಾಲು ಸುರಿಯಬಾರದು.

ಎರಡನೆಯದು ತಲೆ. ದೇಹ ಕುಗ್ಗಿದಷ್ಟು ಮಿದುಳು ಕುಗ್ಗುವುದಿಲ್ಲ. ಎಳೆಗೂಸಿನ ನೆತ್ತಿಯಲ್ಲಿ ಕೈಗೆ ಮೆತ್ತಗೆ ಸಿಗುವ ಎಡೆಯೊಂದಿರುವುದನ್ನು ಎಲ್ಲರೂ ಬಲ್ಲರು; ನಾಯಿಮರಿಯಲ್ಲಿಯೂ ಅದುಂಟು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅತಿ ಸಣ್ಣ ತಳಿಗಳಲ್ಲಿ ಅದು ಜೀವಮಾನವೆಲ್ಲ ತೆರೆದೇ ಉಳಿಯಬಹುದು. ಫಿನ್ಲೆಂಡಿನ ಸಂಶೋಧಕರು ೫೦ ಚಿವಾವಾಗಳನ್ನು ಪರೀಕ್ಷಿಸಿ ೨೦೨೧ರಲ್ಲಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ೪೬ರ ತಲೆಬುರುಡೆಯಲ್ಲಿ ಮುಚ್ಚದ ಎಡೆಗಳಿದ್ದುವು. ನಾಯಿಯ ತೂಕ ಕಡಮೆಯಾದಷ್ಟೂ ಈ ಎಡೆಗಳು ಹೆಚ್ಚಾಗಿ ಕಂಡುವು. ಎಡೆ ತೆರೆದಿರುವ ಪ್ರತಿಯೊಂದು ನಾಯಿಯೂ ರೋಗಿಯೆಂದು ಇದರ ಅರ್ಥವಲ್ಲ. ಆದರೆ ಮಿದುಳಿನೊಳಗೆ ದ್ರವ ತುಂಬಿಕೊಳ್ಳುವ ಜಲಮಸ್ತಿಷ್ಕ ರೋಗವೂ, ಬುರುಡೆಯ ಹಿಂಭಾಗದಲ್ಲಿ ಎಡೆ ಸಾಲದೆ ಬೆನ್ನುಹುರಿಯಲ್ಲಿ ದ್ರವದ ಕುಳಿಗಳಾಗುವ ನೋವಿನ ರೋಗವೂ ಇಂಥ ಕಿರುತಳಿಗಳಲ್ಲಿ ಹೆಚ್ಚು.

ಮೂರನೆಯದು ಹಲ್ಲು. ವಯಸ್ಕ ನಾಯಿಗೆ ೪೨ ಹಲ್ಲುಗಳು. ಮಾಸ್ಟಿಫ್‌ಗೂ ಅಷ್ಟೇ, ಚಿವಾವಾಕ್ಕೂ ಅಷ್ಟೇ. ದವಡೆ ಕಿರಿದಾದರೂ ಹಲ್ಲಿನ ಸಂಖ್ಯೆ ಇಳಿಯದು. ಹಲ್ಲುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ, ಹಾಲುಹಲ್ಲುಗಳು ಬೀಳದೆ ಉಳಿಯುತ್ತವೆ, ಸಂದುಗಳಲ್ಲಿ ಆಹಾರ ಸಿಕ್ಕಿ ವಸಡು ಕೊಳೆಯುತ್ತದೆ. ತೆಳುವಾದ ಕೆಳದವಡೆಯಲ್ಲಿ ಹಲ್ಲಿನ ಬೇರು ಬಹುಭಾಗವನ್ನು ಆಕ್ರಮಿಸಿರುವುದರಿಂದ, ವಸಡಿನ ರೋಗ ಮುದಿರಿದಾಗ ದವಡೆಯೇ ಮುರಿಯುವುದುಂಟು.

ನಾಲ್ಕನೆಯದು ಎಲುಬು ಮತ್ತು ಕೀಲು. ಮುಂಗಾಲಿನ ಎರಡು ಎಲುಬುಗಳು ಕಿರುತಳಿಗಳಲ್ಲಿ ಕಡ್ಡಿಯಷ್ಟು ತೆಳ್ಳಗಿರುತ್ತವೆ. ಅಂಥ ನಾಯಿ ಮಂಚದಿಂದಲೋ ತೋಳಿನಿಂದಲೋ ಜಿಗಿದಾಗ ಅವು ಮುರಿಯುವುದು ಸಾಮಾನ್ಯ. ಎಲುಬಿನ ಆ ಕೆಳಭಾಗಕ್ಕೆ ರಕ್ತದ ಪೂರೈಕೆ ಕಡಮೆಯಾದ್ದರಿಂದ ಮುರಿದದ್ದು ಕೂಡುವುದೂ ಕಷ್ಟ. ಮಂಡಿಚಿಪ್ಪು ತನ್ನ ಜಾಡಿನಿಂದ ಜಾರುವುದು, ತೊಡೆಯೆಲುಬಿನ ತಲೆಗೆ ರಕ್ತ ನಿಂತು ಸವೆಯುವುದು—ಇವೂ ಸಣ್ಣ ತಳಿಗಳ ರೋಗಗಳೇ. ಶ್ವಾಸನಾಳವನ್ನು ತೆರೆದಿಡುವ ಮೃದ್ವಸ್ಥಿಯ ಬಳೆಗಳು ಸೋತು ನಾಳವು ಕುಸಿಯುವುದೂ ಇವುಗಳಲ್ಲಿ ಹೆಚ್ಚು. ಹೆಬ್ಬಾತು ಕೂಗಿದಂಥ ಒಣಕೆಮ್ಮು ಅದರ ಗುರುತು. ಆದಕಾರಣ ಇಂಥ ನಾಯಿಯ ಕೊರಳಿಗೆ ಪಟ್ಟಿ ಬಿಗಿದು ಎಳೆಯಬಾರದು, ಎದೆಗೆ ತೊಡಿಸುವ ಪಟ್ಟಿಯೇ ಲೇಸು.

ಐದನೆಯದು ಹೆರಿಗೆ. ಕೊಳ್ಳುವವರ ಕಣ್ಣಿಗೆ ಬೀಳುವುದು ಮರಿ ಮಾತ್ರ, ತಾಯಿ ಮರೆಯಲ್ಲಿರುತ್ತದೆ. ಕಿರುತಳಿಯ ಹೆಣ್ಣು ಒಂದು ಸೂಲಿಗೆ ಒಂದೆರಡು ಅಥವಾ ಮೂರು ಮರಿಗಳನ್ನು ಮಾತ್ರ ಹಾಕುವುದು ಸಾಮಾನ್ಯ. ಮರಿಗಳು ಕಡಮೆಯಾದಾಗ ಒಂದೊಂದೂ ತಾಯಿಯ ಅಳತೆಗೆ ದೊಡ್ಡದಾಗಿ ಬೆಳೆಯುತ್ತದೆ. ಗುಂಡನೆಯ ತಲೆ ಕಿರಿದಾದ ಸೊಂಟದೆಲುಬಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಶಸ್ತ್ರಕ್ರಿಯೆಯೊಂದೇ ದಾರಿ. ಅರಿವಳಿಕೆಯೂ ಶಸ್ತ್ರಕ್ರಿಯೆಯೂ ಇಂಥ ದೇಹಕ್ಕೆ ಹೆಚ್ಚು ಅಪಾಯದವು. ಏಕೆಂದರೆ ನಾಯಿಯ ರಕ್ತ ಕಿಲೋಗ್ರಾಮಿಗೆ ಸುಮಾರು ೮೫ ಮಿಲಿಲೀಟರು. ಒಂದು ಕಿಲೋಗ್ರಾಂ ನಾಯಿಯ ಒಟ್ಟು ರಕ್ತ ಒಂದು ಸಣ್ಣ ಲೋಟವನ್ನೂ ತುಂಬದು. ಹತ್ತು ಮಿಲಿಲೀಟರು ಹೋದರೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹೋದಂತೆ. ಕೊಕ್ಕೆಹುಳು, ಉಣ್ಣೆಗಳ ಕಾಟವೂ ದೊಡ್ಡ ನಾಯಿಗಿಂತ ಇದಕ್ಕೆ ಬೇಗ ಮಾರಕವಾಗುವುದು ಈ ಕಾರಣದಿಂದಲೇ.

೫. ಒಂದು ಆಕ್ಷೇಪ

ಸಣ್ಣ ನಾಯಿಗಳು ದೊಡ್ಡವುಗಳಿಗಿಂತ ಹೆಚ್ಚು ಕಾಲ ಬದುಕುತ್ತವೆಯಲ್ಲವೆ ಎಂದು ಯಾರಾದರೂ ಕೇಳಬಹುದು. ಮಾತು ಒಟ್ಟಿನಲ್ಲಿ ದಿಟ. ಬ್ರಿಟನ್ನಿನ ೫ ಲಕ್ಷ ೮೪ ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲ ನಾಯಿಗಳ ಮಧ್ಯಕ ಆಯುಸ್ಸು ೧೨.೫ ವರ್ಷ, ಗಿಡ್ಡ ಡ್ಯಾಕ್ಸ್‌ಹುಂಡ್‌ನದು ೧೪. ಆದರೆ ಎಲ್ಲಕ್ಕಿಂತ ಸಣ್ಣ ತಳಿಯಾದ ಚಿವಾವಾದ ಆಯುಸ್ಸು ೧೧.೮ ವರ್ಷ ಮಾತ್ರ. ಸಣ್ಣತನದಿಂದ ಬರುವ ಲಾಭ ಅಂಚಿನವರೆಗೂ ಮುಂದುವರಿಯುವುದಿಲ್ಲವೆಂದು ಇದರಿಂದ ಊಹಿಸಬಹುದು.

ನಮ್ಮ ನಾಡಿನಲ್ಲಿಯೇ ಇದಕ್ಕೆ ಒಳ್ಳೆಯ ಹೋಲಿಕೆಯೊಂದಿದೆ. ಮಲೆನಾಡು ಗಿಡ್ಡ ಎಂಬ ದನದ ತಳಿ ಪ್ರಪಂಚದ ಕುಳ್ಳು ತಳಿಗಳಲ್ಲೊಂದು. ಅದರ ಕುಳ್ಳುತನ ಯಾರ ಶೋಕಿಗಾಗಿಯೂ ಬಂದುದಲ್ಲ. ಬಿಡದೆ ಸುರಿಯುವ ಮಳೆ, ಸಾರವಿಲ್ಲದ ಹುಲ್ಲು, ಏರಿಳಿಯುವ ಗುಡ್ಡಗಳ ನಡುವೆ ಶತಮಾನಗಳ ಕಾಲ ಪ್ರಕೃತಿಯೇ ಅದನ್ನು ಪರೀಕ್ಷಿಸಿದೆ. ಕರು ಹಾಕಲಾರದ ಹಸು, ಗುಡ್ಡ ಹತ್ತಲಾರದ ಹೋರಿ ವಂಶವನ್ನು ಬೆಳೆಸಲಿಲ್ಲ. ಸಣ್ಣತನವೂ ದೃಢತೆಯೂ ಅಲ್ಲಿ ಜೊತೆಜೊತೆಯಾಗಿಯೇ ಆಯ್ಕೆಯಾದುವು. ಅತಿ ಸಣ್ಣ ಸಾಕುನಾಯಿಯಲ್ಲಿ ಈ ಪರೀಕ್ಷೆಯನ್ನು ಕೈಬಿಟ್ಟಿದ್ದೇವೆ. ಹೆರಲಾರದ ತಾಯಿಗೆ ಶಸ್ತ್ರಕ್ರಿಯೆ, ತಿನ್ನಲಾರದ ಮರಿಗೆ ನಳಿಕೆಯ ಹಾಲು. ಹೀಗೆ ಉಳಿಸಿದುದನ್ನು ಸಣ್ಣದಾಗಿದೆಯೆಂಬ ಕಾರಣಕ್ಕೇ ಮತ್ತೆ ಕೂಡಿಸುವುದು. ಉಳಿಸುವುದು ದಯೆಯೇ ಸರಿ. ಅದರಿಂದ ಮತ್ತೆ ಮರಿಗಳನ್ನು ಎತ್ತುವುದು ದಯೆಯಲ್ಲ.

೬. ಕಾನೂನೂ ಕೊಳ್ಳುವವರ ಹೊಣೆಯೂ

ಪ್ರಾಣಿಹಿಂಸೆಯನ್ನು ತಡೆಯುವ ೧೯೬೦ರ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರವು ನಾಯಿಗಳ ತಳಿ ಎತ್ತುವುದನ್ನೂ ಮಾರುವುದನ್ನೂ ಕುರಿತು ೨೦೧೭ರಲ್ಲಿಯೂ, ಸಾಕುಪ್ರಾಣಿಗಳ ಅಂಗಡಿಗಳನ್ನು ಕುರಿತು ೨೦೧೮ರಲ್ಲಿಯೂ ನಿಯಮಗಳನ್ನು ಹೊರಡಿಸಿತು. ತಳಿ ಎತ್ತುವವರೂ ಅಂಗಡಿಯವರೂ ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಮಾಡಿಸಕೂಡದು. ವರ್ಷಕ್ಕೆ ಒಂದಕ್ಕಿಂತ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಇತರ ದೇಶಗಳಲ್ಲಿ ನ್ಯಾಯಾಲಯಗಳು ಇನ್ನೂ ಮುಂದೆ ಹೋಗಿವೆ. ನಾರ್ವೆಯ ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ, ಹೃದಯದ ಮತ್ತು ಬೆನ್ನುಹುರಿಯ ರೋಗಗಳು ವಂಶದಲ್ಲಿ ಬೇರೂರಿರುವ ಕ್ಯಾವಲಿಯರ್ ಎಂಬ ಸಣ್ಣ ತಳಿಯನ್ನು ಮುಂದುವರಿಸುವುದು ಆ ದೇಶದ ಪ್ರಾಣಿಕಲ್ಯಾಣ ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿತು.

ನಿಯಮವು ವಯಸ್ಸನ್ನೂ ಸೂಲನ್ನೂ ಎಣಿಸಬಲ್ಲುದು, ಆಸೆಯನ್ನು ಅಳೆಯಲಾರದು. ತೂಕ ಇಳಿದಷ್ಟೂ ಬೆಲೆ ಏರುವವರೆಗೆ ತೂಕ ಇಳಿಸುವವರು ಇದ್ದೇ ಇರುತ್ತಾರೆ. ಆದುದರಿಂದ ಕೊಳ್ಳುವವರು ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಮಾರುವವರ ನೋಂದಣಿ ಪತ್ರವನ್ನು ಕೇಳಿ ನೋಡಬೇಕು. ಮರಿಯ ತಾಯಿಯನ್ನು ಅದಿರುವ ಜಾಗದಲ್ಲಿಯೇ ಕಾಣಬೇಕು. ತೋರಿಸಲು ಒಪ್ಪದವರಿಂದ ಕೊಳ್ಳಬಾರದು. ಮರಿಗೆ ಎಂಟು ವಾರ ತುಂಬಿರುವುದನ್ನು ಪಶುವೈದ್ಯರು ಹಲ್ಲು ನೋಡಿ ಅಂದಾಜು ಮಾಡಬಲ್ಲರು. ನೆತ್ತಿಯ ಎಡೆ, ಮಂಡಿಚಿಪ್ಪು, ಹೃದಯದ ಸದ್ದು—ಇವುಗಳ ಪರೀಕ್ಷೆಗೂ ಅದೇ ಸಮಯ. ದಂಡು ಪ್ರದೇಶದವರಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶುವೈದ್ಯಕೀಯ ಆಸ್ಪತ್ರೆಯೂ, ನಗರದ ಉತ್ತರ ಭಾಗದವರಿಗೆ ಹೆಬ್ಬಾಳದಲ್ಲಿ ೧೯೫೮ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಕಾಲೇಜೂ ಸಮೀಪದಲ್ಲಿಯೇ ಇವೆ. ಸಾಕುವ ಆಸೆಯಿದ್ದು ತಳಿಯ ಹಟವಿಲ್ಲದವರು, ೧೯೯೧ರಲ್ಲಿ ಕ್ರಿಸ್ಟಲ್ ರಾಜರ್ಸ್ ಅವರು ಸ್ಥಾಪಿಸಿದ ಕ್ಯೂಪಾದಂಥ ಸಂಸ್ಥೆಗಳಿಂದ ಅನಾಥ ನಾಯಿಯನ್ನು ಪಡೆಯಬಹುದು. ನಮ್ಮ ಬೀದಿಯ ನಾಯಿಗಳಲ್ಲಿಯೂ ಹತ್ತು ಹನ್ನೆರಡು ಕಿಲೋಗ್ರಾಮಿನ ಹದವಾದ ಗಾತ್ರದವು ಬೇಕಾದಷ್ಟಿವೆ.

ಪ್ರಾಣಿಶಾಸ್ತ್ರದ ಅಧ್ಯಾಪಕರು ಮೇಲ್ಮೈ ಮತ್ತು ಘನಗಾತ್ರದ ಸಂಬಂಧವನ್ನು ತರಗತಿಯಲ್ಲಿ ವಿವರಿಸುವಾಗ ಇಲಿಯನ್ನೂ ಆನೆಯನ್ನೂ ಉದಾಹರಿಸುವುದು ವಾಡಿಕೆ. ವಿದ್ಯಾರ್ಥಿಗಳ ಮನೆಗಳಲ್ಲಿಯೇ ಇರುವ ನಾಯಿಗಳ ತೂಕವನ್ನು ತರಿಸಿ, ಒಂದೊಂದಕ್ಕೂ ದಿನದ ಶಕ್ತಿಯ ಅಗತ್ಯವನ್ನೂ ಒಟ್ಟು ರಕ್ತದ ಪ್ರಮಾಣವನ್ನೂ ಮೇಲಿನ ಅಂಕಿಗಳಿಂದ ಲೆಕ್ಕ ಹಾಕಿಸಿದರೆ ಆ ಪಾಠ ಇನ್ನೂ ಸ್ಪಷ್ಟವಾದೀತು. ಒಂದು ಕಿಲೋಗ್ರಾಂ ಜೀವ ಎಷ್ಟು ಕಡಮೆ ಬಂಡವಾಳದ ಮೇಲೆ ನಡೆಯುತ್ತಿದೆಯೆಂಬುದನ್ನು ಸ್ವತಃ ಲೆಕ್ಕ ಹಾಕಿ ತಿಳಿದ ವಿದ್ಯಾರ್ಥಿಯು ಅಂಗಡಿಯಲ್ಲಿ ಇದಕ್ಕಿಂತ ಸಣ್ಣದಿದೆಯೇ ಎಂದು ಕೇಳುವ ಸಂಭವ ಕಡಮೆ.